ವಿಕಲಚೇತನರ ಕ್ರೀಡೆಯಲ್ಲಿ ನಿವೃತ್ತ ಸಾಧಕರಿಗೂ ತರಬೇತುದಾರರಿಗೂ ಸಲ್ಲುವ ಗೌರವ

ವಿಕಲಚೇತನರ ಕ್ರೀಡೆಯಲ್ಲಿ ಅಸಾಧಾರಣ ಸಾಧನೆ ಮಾಡಿ ಕಣದಿಂದ ಹಿಂದೆ ಸರಿದ ಕ್ರೀಡಾಪಟುಗಳನ್ನೂ ಅವರನ್ನು ರೂಪಿಸಿದ ತರಬೇತುದಾರರನ್ನೂ ಶಾಶ್ವತವಾಗಿ ದಾಖಲಿಸಿ ಗೌರವಿಸುವ ವ್ಯವಸ್ಥೆಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಲ್ಲಿ ಕಾಣಿಸಿಕೊಂಡು, ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಗಟ್ಟಿಯಾದ ರೂಪ ಪಡೆದವು. ಇವುಗಳಲ್ಲಿ ಮುಖ್ಯವಾದದ್ದು ಹಾಲ್ ಆಫ್ ಫೇಮ್ ಎಂಬ ಏರ್ಪಾಡು; ಒಂದು ಕ್ರೀಡೆಯ ಅಥವಾ ಒಂದು ದೇಶದ ಶ್ರೇಷ್ಠರೆಂದು ಆಯ್ಕೆ ಸಮಿತಿಯೊಂದು ಒಪ್ಪಿದವರ ಹೆಸರನ್ನು ಅಳಿಸಲಾಗದ ಪಟ್ಟಿಗೆ ಸೇರಿಸುವ ಈ ಪದ್ಧತಿಯಲ್ಲಿ ಸಾಮಾನ್ಯವಾಗಿ ಹಣವಿರುವುದಿಲ್ಲ, ಮನ್ನಣೆ ಮಾತ್ರ ಇರುತ್ತದೆ. ಇದರ ಜತೆಗೆ ಸರ್ಕಾರಗಳು ಕೊಡುವ ಜೀವಮಾನ ಸಾಧನೆಯ ಪ್ರಶಸ್ತಿಗಳು, ನಾಗರಿಕ ಗೌರವಗಳು ಮತ್ತು ಕ್ರೀಡಾ ಪಿಂಚಣಿಗಳೂ ಇದೇ ಉದ್ದೇಶವನ್ನು ಬೇರೆ ಬೇರೆ ದಾರಿಯಲ್ಲಿ ಈಡೇರಿಸುತ್ತವೆ. ಸಾಮಾನ್ಯ ಕ್ರೀಡೆಯಲ್ಲಿ ಇಂತಹ ಗೌರವ ಜನಪ್ರಿಯತೆಯ ಹಿಂದೆಯೇ ಬರುತ್ತದೆ. ವಿಕಲಚೇತನರ ಕ್ರೀಡೆಯಲ್ಲಾದರೋ, ಆ ಸಾಧನೆ ನಡೆದಾಗ ಅದನ್ನು ನೋಡಿದವರೂ ಬರೆದಿಟ್ಟವರೂ ಬಹಳ ಕಡಿಮೆಯಾದ್ದರಿಂದ, ಎಷ್ಟೋ ಸಲ ಗೌರವದ ಕ್ಷಣದಲ್ಲಿಯೇ ಆ ಸಾಧನೆ ಮೊದಲ ಬಾರಿಗೆ ಸಾರ್ವಜನಿಕರ ಕಿವಿಗೆ ಬೀಳುತ್ತದೆ.

ಈ ವಿಳಂಬಕ್ಕೆ ಕಾರಣ ಆ ಕ್ರೀಡೆಯ ಹುಟ್ಟಿನಲ್ಲಿಯೇ ಇದೆ. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ನರರೋಗ ತಜ್ಞ ಲುಡ್ವಿಗ್ ಗುಟ್‌ಮನ್, 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದ ಸೈನಿಕರಿಗಾಗಿ ವಿಶೇಷ ವಿಭಾಗವನ್ನು ತೆರೆದು, ಆಟವನ್ನು ಚಿಕಿತ್ಸೆಯ ಅಂಗವಾಗಿ ಬಳಸಿದರು. ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಅಂದರೆ 1948ರ ಜುಲೈ 29ರಂದು, ಆ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 14 ಪುರುಷರೂ ಇಬ್ಬರು ಮಹಿಳೆಯರೂ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. 1960ರಲ್ಲಿ ರೋಮ್‌ನಲ್ಲಿ 23 ದೇಶಗಳ ಸುಮಾರು 400 ಮಂದಿ ಸೇರಿದ ಕೂಟವನ್ನು ಈಗ ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸಲಾಗುತ್ತದೆ. ಆದರೆ ಆ ತಲೆಮಾರಿನವರನ್ನು ಲೋಕ ಕಂಡದ್ದು ಚೇತರಿಸಿಕೊಳ್ಳುತ್ತಿರುವ ರೋಗಿಗಳೆಂದು. ಅವರ ಪದಕವನ್ನು ವೈದ್ಯವಿಜ್ಞಾನದ ಗೆಲುವೆಂದು ಮೆಚ್ಚಿಕೊಂಡವರು, ಅದರ ಹಿಂದಿನ ಕ್ರೀಡಾ ಕೌಶಲವನ್ನು ಅಳೆಯಲು ಹೋಗಲಿಲ್ಲ. ರೋಗಿಗೆ ನಿವೃತ್ತಿಯೆಂಬುದಿಲ್ಲ, ಗುಣವಾಗುವುದಷ್ಟೇ ಇರುತ್ತದೆ. ಹೀಗಾಗಿ ನಿವೃತ್ತ ಕ್ರೀಡಾಪಟು ಎಂಬ ಸ್ಥಾನವೇ ಅವರಿಗೆ ದಶಕಗಳ ಕಾಲ ಸಿಗಲಿಲ್ಲ.

1989ರಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ಸ್ಥಾಪನೆಯಾಗಿ ಈಗ ಬಾನ್ ನಗರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಈ ಕೊರತೆಯನ್ನು ತುಂಬಲು ಎರಡು ಹಂತದಲ್ಲಿ ಮುಂದಾಯಿತು. ಮೊದಲನೆಯದು ಪ್ಯಾರಾಲಿಂಪಿಕ್ ಆರ್ಡರ್ ಎಂಬ ಅತ್ಯುನ್ನತ ಪುರಸ್ಕಾರ. ಇದು ಚಳವಳಿಗೆ ಸೇವೆ ಸಲ್ಲಿಸಿದ ಯಾರಿಗಾದರೂ, ಆಡಳಿತಗಾರರಿಗೂ ಸಹ, ಸಲ್ಲಬಹುದಾದದ್ದು. ಎರಡನೆಯದು ವೀಸಾ ಕಂಪನಿಯ ಪ್ರಾಯೋಜಕತ್ವದಲ್ಲಿ 2006ರಲ್ಲಿ ಆರಂಭವಾದ ಪ್ಯಾರಾಲಿಂಪಿಕ್ ಹಾಲ್ ಆಫ್ ಫೇಮ್. ಇದು ನಿವೃತ್ತ ಕ್ರೀಡಾಪಟುಗಳಿಗೂ ತರಬೇತುದಾರರಿಗೂ ಮೀಸಲು. ಆ ವರ್ಷದ ಚಳಿಗಾಲದ ಕೂಟ ನಡೆದ ಇಟಲಿಯ ಟ್ಯೂರಿನ್‌ನಲ್ಲಿ ಫಿನ್ಲೆಂಡಿನ ಸ್ಕೀ ಪಟು ಯೂಕೊ ಗ್ರಿಪ್, ಸ್ವೀಡನ್ನಿನ ಉಲ್ಲಾ ರೆನ್‌ವಾಲ್ ಮತ್ತು ಜರ್ಮನಿಯ ಆನೆಮಿ ಶ್ನೈಡರ್ ಜತೆಗೆ ಜರ್ಮನಿಯ ತರಬೇತುದಾರ ರೋಲ್ಫ್ ಹೆಟಿಚ್ ಮೊದಲ ಪಟ್ಟಿಗೆ ಸೇರಿದರು. ಮೊದಲ ವರ್ಷವೇ ತರಬೇತುದಾರರೊಬ್ಬರನ್ನು ಕ್ರೀಡಾಪಟುಗಳ ಸಾಲಿನಲ್ಲಿ ನಿಲ್ಲಿಸಿದ್ದು ಗಮನಿಸಬೇಕಾದ ನಿರ್ಧಾರ. 2010ರಲ್ಲಿ ವ್ಯಾಂಕೂವರ್ ಕೂಟದ ಸಂದರ್ಭದಲ್ಲಿ ಫಿನ್ಲೆಂಡಿನ ತಾನ್ಯಾ ಕರಿ ಮತ್ತು ಅಮೆರಿಕದ ಕ್ರಿಸ್ ವಾಡೆಲ್, 2012ರಲ್ಲಿ ಲಂಡನ್ನಿನಲ್ಲಿ ಆಸ್ಟ್ರೇಲಿಯದ ಲೂಯಿಸ್ ಸಾವೇಜ್, ಅಮೆರಿಕದ ಟ್ರಿಶಾ ಜೋರ್ನ್ ಮತ್ತು ಆಗ್ಗೆ ತೀರಿಕೊಂಡಿದ್ದ ಇಟಲಿಯ ರಾಬರ್ಟೊ ಮಾರ್ಸನ್ ಈ ಗೌರವ ಪಡೆದರು. ಮಾರ್ಸನ್ ಅವರ ಹೆಸರು ಆ ಕಾಲದ ಕ್ರೀಡೆಯ ಸ್ವರೂಪವನ್ನೇ ಹೇಳುತ್ತದೆ: ಅಥ್ಲೆಟಿಕ್ಸ್, ಈಜು ಮತ್ತು ಗಾಲಿಕುರ್ಚಿಯ ಕತ್ತಿವರಸೆ ಮೂರರಲ್ಲಿಯೂ ಒಬ್ಬನೇ ವ್ಯಕ್ತಿ ಚಿನ್ನ ಗೆಲ್ಲುವುದು 1960ರ ದಶಕದಲ್ಲಿ ಸಾಧ್ಯವಿತ್ತು, ಇಂದು ಊಹಿಸುವುದೂ ಕಷ್ಟ.

ಇವೆರಡಕ್ಕಿಂತ ಭಿನ್ನವಾಗಿದ್ದ ಮೂರನೆಯ ಗೌರವವೊಂದನ್ನು ಇಲ್ಲಿ ನೆನೆಯಬೇಕು. ಬಾಲ್ಯದಲ್ಲಿ ಪೋಲಿಯೊಗೆ ತುತ್ತಾಗಿಯೂ ವೈದ್ಯೆಯಾದ ದಕ್ಷಿಣ ಕೊರಿಯದ ವಾಂಗ್ ಯೂನ್ ದೇ ಅವರ ಹೆಸರಿನ ಪ್ರಶಸ್ತಿ 1988ರ ಸೋಲ್ ಕೂಟದಿಂದ 2018ರವರೆಗೆ, ಪ್ರತಿ ಕೂಟದ ಕೊನೆಯಲ್ಲಿ, ಪದಕಗಳ ಸಂಖ್ಯೆಯನ್ನು ಬದಿಗಿಟ್ಟು ಪ್ಯಾರಾಲಿಂಪಿಕ್ ಮನೋಧರ್ಮವನ್ನು ನಡೆನುಡಿಯಲ್ಲಿ ತೋರಿದವರಿಗೆ ಸಲ್ಲುತ್ತಿತ್ತು. ಅದು ಸ್ಪರ್ಧಿಸುತ್ತಿರುವವರ ಗೌರವವಾದರೂ, ಯಾವುದನ್ನು ಶ್ರೇಷ್ಠವೆನ್ನಬೇಕು ಎಂಬ ಪ್ರಶ್ನೆಯನ್ನು ಪದಕ ಪಟ್ಟಿಯ ಆಚೆಗೆ ಒಯ್ದದ್ದರಿಂದ ನಿವೃತ್ತರ ಆಯ್ಕೆಗೂ ಮಾದರಿಯಾಗಿ ನಿಂತಿತು.

ಏಕೆಂದರೆ ಈ ಕ್ರೀಡೆಯಲ್ಲಿ ಪದಕ ಎಣಿಸಿ ಶ್ರೇಷ್ಠತೆಯನ್ನು ನಿರ್ಣಯಿಸುವುದು ಎಲ್ಲಕ್ಕಿಂತ ಕಠಿಣವಾದ ಕೆಲಸ. ಇದಕ್ಕೆ ಮೂಲ ಕಾರಣ ವರ್ಗೀಕರಣ, ಅಂದರೆ ನ್ಯೂನತೆಯ ಬಗೆ ಮತ್ತು ಪ್ರಮಾಣವನ್ನು ಪರೀಕ್ಷಿಸಿ, ಸಮಾನ ಸಾಮರ್ಥ್ಯದವರು ಒಂದೇ ಸ್ಪರ್ಧೆಗೆ ಬರುವಂತೆ ಗುಂಪುಗಳನ್ನು ಮಾಡುವ ವಿಧಾನ. ಅಥ್ಲೆಟಿಕ್ಸ್‌ನಲ್ಲಿ ಓಟ ಮತ್ತು ಜಿಗಿತಕ್ಕೆ ‘ಟಿ’, ಎಸೆತಕ್ಕೆ ‘ಎಫ್’ ಎಂಬ ಅಕ್ಷರವನ್ನೂ, ಅದರ ಮುಂದೆ ನ್ಯೂನತೆಯ ಗುಂಪನ್ನು ಸೂಚಿಸುವ ಅಂಕಿಯನ್ನೂ ಬಳಸುತ್ತಾರೆ. ಈ ಗುಂಪುಗಳ ಗಡಿಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಎರಡು ಗುಂಪುಗಳನ್ನು ಸೇರಿಸುವುದೂ, ಸ್ಪರ್ಧಿಗಳು ಸಾಲದೆ ಒಂದು ಗುಂಪಿನ ಸ್ಪರ್ಧೆಯನ್ನೇ ಕೈಬಿಡುವುದೂ ಸಾಮಾನ್ಯ. ರಾಜಸ್ಥಾನದ ಚೂರು ಜಿಲ್ಲೆಯ ದೇವೇಂದ್ರ ಝಝಾರಿಯಾ ಈ ಮಾತಿಗೆ ಅತ್ಯಂತ ಸ್ಪಷ್ಟವಾದ ಸಾಕ್ಷಿ. ಬಾಲ್ಯದಲ್ಲಿ ವಿದ್ಯುತ್ ತಂತಿ ತಗುಲಿ ಎಡಗೈ ಕಳೆದುಕೊಂಡ ಅವರು 2004ರ ಅಥೆನ್ಸ್ ಕೂಟದ ಎಫ್46 ವರ್ಗದ ಜಾವೆಲಿನ್ ಎಸೆತದಲ್ಲಿ 62.15 ಮೀಟರ್ ದೂರದೊಂದಿಗೆ ಚಿನ್ನ ಗೆದ್ದರು. ಆಮೇಲಿನ ಬೀಜಿಂಗ್ ಮತ್ತು ಲಂಡನ್ ಕೂಟಗಳಲ್ಲಿ ಆ ವರ್ಗದ ಜಾವೆಲಿನ್ ಸ್ಪರ್ಧೆಯೇ ಇರಲಿಲ್ಲ. ಹನ್ನೆರಡು ವರ್ಷ ಕಾದು 2016ರಲ್ಲಿ ರಿಯೊಗೆ ಮರಳಿದಾಗ 63.97 ಮೀಟರ್ ಎಸೆದು ಮತ್ತೆ ಚಿನ್ನ ಗೆದ್ದರು. ಪಟ್ಟಿಯಲ್ಲಿ ಎರಡು ಚಿನ್ನ, ಟೋಕಿಯೊದ ಒಂದು ಬೆಳ್ಳಿ ಎಂದಷ್ಟೇ ಕಾಣುವ ಈ ಕ್ರೀಡಾಜೀವನದ ನಿಜವಾದ ತೂಕ ಇರುವುದು ಸ್ಪರ್ಧಿಸಲು ಅವಕಾಶವೇ ಇಲ್ಲದೆ ಕಳೆದ ಆ ಮಧ್ಯದ ವರ್ಷಗಳಲ್ಲಿ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಟ್ರಿಶಾ ಜೋರ್ನ್. ಹುಟ್ಟಿನಿಂದಲೇ ದೃಷ್ಟಿದೋಷವಿದ್ದ ಈ ಈಜುಗಾರ್ತಿ 1980ರ ಆರ್ನೆಮ್ ಕೂಟದಿಂದ 2004ರ ಅಥೆನ್ಸ್‌ವರೆಗೆ ಸ್ಪರ್ಧಿಸಿ ಗೆದ್ದ ಪದಕಗಳು 55 ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದರಲ್ಲಿ ಚಿನ್ನವೆಷ್ಟು ಎಂಬುದರಲ್ಲಿ ಮಾತ್ರ ದಾಖಲೆಯಿಂದ ದಾಖಲೆಗೆ ವ್ಯತ್ಯಾಸವಿದೆ. ಪ್ಯಾರಾಲಿಂಪಿಕ್ಸ್ ಚರಿತ್ರೆಯಲ್ಲಿ ಅತಿ ಹೆಚ್ಚು ಪದಕ ಪಡೆದವರೆಂದು ಹೆಸರಾದ ವ್ಯಕ್ತಿಯ ಲೆಕ್ಕವೇ ಹೀಗಿದ್ದರೆ, ಆರಂಭದ ಕೂಟಗಳ ಫಲಿತಾಂಶ ಪಟ್ಟಿಗಳಲ್ಲಿ ಬರೀ ಅಡ್ಡಹೆಸರಾಗಿ ಉಳಿದುಕೊಂಡಿರುವವರ ಸಾಧನೆಯನ್ನು ಆಯ್ಕೆ ಸಮಿತಿಯೊಂದು ಹೇಗೆ ತೂಗಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ಹಾಗಾಗಿ ಹಾಲ್ ಆಫ್ ಫೇಮ್‌ನ ಕೆಲಸ ಅರ್ಧದಷ್ಟು ಗೌರವದ್ದಾದರೆ ಇನ್ನರ್ಧ ಇತಿಹಾಸ ಸಂಶೋಧನೆಯದು ಎನ್ನುವುದೇ ಸರಿ.

2016ರಲ್ಲಿ ರಿಯೊದಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಫ್ರಾನ್ಸಿನ ಈಜುಗಾರ್ತಿ ಬಿಯಾಟ್ರಿಸ್ ಹೆಸ್, ಸ್ವಿಟ್ಜರ್ಲೆಂಡಿನ ಗಾಲಿಕುರ್ಚಿ ಓಟಗಾರ ಫ್ರಾಂಜ್ ನೀಟ್‌ಲಿಸ್ಪಾಕ್ ಮೊದಲಾದವರೊಂದಿಗೆ ನ್ಯೂಜಿಲೆಂಡಿನ ನೆರೊಲಿ ಫೇರ್‌ಹಾಲ್ ಇದ್ದರು. ಫೇರ್‌ಹಾಲ್ ಅವರ ಪದಕಗಳ ಸಂಖ್ಯೆ ಉಳಿದವರ ಮುಂದೆ ಸಣ್ಣದು, ಆದರೆ ಅವರು ದಾಟಿದ ಗೆರೆ ದೊಡ್ಡದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಬಿಲ್ಲುಗಾರಿಕೆಯಲ್ಲಿ ಅವರು ಗಾಲಿಕುರ್ಚಿಯಲ್ಲಿ ಕುಳಿತು, ನಿಂತ ಸ್ಪರ್ಧಿಗಳ ಸಾಲಿನಲ್ಲೇ ಬಾಣ ಬಿಟ್ಟರು. ಸೊಂಟದ ಕೆಳಗೆ ಸ್ವಾಧೀನವಿಲ್ಲದ ಕ್ರೀಡಾಪಟುವೊಬ್ಬರು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು ಅದೇ ಮೊದಲು. ಬಿಲ್ಲುಗಾರಿಕೆಯಲ್ಲಿ ಗುರಿಯ ದೂರ, ಬಾಣಗಳ ಎಣಿಕೆ, ಅಂಕ ಹಾಕುವ ಕ್ರಮ ಕುಳಿತವರಿಗೂ ನಿಂತವರಿಗೂ ಒಂದೇ ಆಗಿರುವುದರಿಂದ ಈ ದಾಟುವಿಕೆ ಸಾಧ್ಯವಾಯಿತು. ಫೇರ್‌ಹಾಲ್ 2006ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಸಂದ ಈ ಮನ್ನಣೆಯನ್ನು ನೋಡಲು ಅವರಿಲ್ಲದಿದ್ದುದು ಬೇಸರದ ಸಂಗತಿಯೇ, ಮತ್ತು ಈ ಕ್ಷೇತ್ರದಲ್ಲಿ ಅದು ಅಪರೂಪದ ಸಂಗತಿಯಲ್ಲ.

ತರಬೇತುದಾರರ ವಿಚಾರಕ್ಕೆ ಬಂದಾಗ, ವಿಕಲಚೇತನರ ಕ್ರೀಡೆಯಲ್ಲಿ ಅವರ ಪಾತ್ರ ಸಾಮಾನ್ಯ ಕ್ರೀಡೆಯದಕ್ಕಿಂತ ಬೇರೆಯದೇ ಆಗಿದೆ ಎಂಬುದನ್ನು ಮೊದಲು ತಿಳಿಯಬೇಕು. ಪೂರ್ಣ ಅಂಧರ ಈಜು ಸ್ಪರ್ಧೆಯಲ್ಲಿ ಕೊಳದ ಎರಡೂ ತುದಿಯಲ್ಲಿ ಟ್ಯಾಪರ್ ಎಂದು ಕರೆಯುವ ಸಹಾಯಕರು ನಿಂತಿರುತ್ತಾರೆ. ಇವರು ಬಹುಮಟ್ಟಿಗೆ ತರಬೇತುದಾರರೇ ಆಗಿರುತ್ತಾರೆ. ತುದಿಗೆ ಮೆತ್ತನೆಯ ಚೆಂಡು ಕಟ್ಟಿದ ಉದ್ದನೆಯ ಕೋಲನ್ನು ಹಿಡಿದು ನೀರಿನ ಮೇಲೆ ಬಾಗಿ, ಈಜುಗಾರ ಗೋಡೆಯ ಹತ್ತಿರ ಬರುತ್ತಿದ್ದಂತೆ ಅವನ ತಲೆಗೋ ಬೆನ್ನಿಗೋ ಮೆಲ್ಲಗೆ ತಟ್ಟುತ್ತಾರೆ. ತಟ್ಟಿದ್ದು ಬೇಗವಾದರೆ ಈಜುಗಾರ ಗೋಡೆ ಮುಟ್ಟುವ ಮೊದಲೇ ತಿರುಗುತ್ತಾನೆ, ತಡವಾದರೆ ಪೂರ್ಣ ವೇಗದಲ್ಲಿ ಗೋಡೆಗೆ ಹಾಯುತ್ತಾನೆ. ಕುಳಿತು ಗುಂಡು ಎಸೆಯುವ ಸ್ಪರ್ಧೆಯಲ್ಲಿ ಎಸೆತದ ಪೀಠದ ಎತ್ತರ 75 ಸೆಂಟಿಮೀಟರ್ ಮೀರುವಂತಿಲ್ಲ. ಆ ಪೀಠವನ್ನು ನೆಲಕ್ಕೆ ಬಿಗಿದು, ಕ್ರೀಡಾಪಟುವಿನ ತೊಡೆ ಮತ್ತು ಸೊಂಟವನ್ನು ಪಟ್ಟಿಗಳಿಂದ ಕಟ್ಟಬೇಕು, ಎಸೆಯುವಾಗ ಕುಳಿತ ಭಾಗ ಪೀಠದಿಂದ ಎದ್ದರೆ ಎಸೆತ ಅಸಿಂಧು. ಯಾವ ಸ್ನಾಯು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ಪಟ್ಟಿಯನ್ನು ಎಲ್ಲಿ ಬಿಗಿದರೆ ಭುಜಕ್ಕೆ ಆಸರೆ ಸಿಗುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆಯಾದ್ದರಿಂದ ಇದಕ್ಕೆ ಸಿದ್ಧ ಪಠ್ಯವಿಲ್ಲ. ಇಲ್ಲಿ ತರಬೇತುದಾರನೆಂದರೆ ಏಕಕಾಲಕ್ಕೆ ಯಂತ್ರಜ್ಞ, ದೈಹಿಕ ಚಿಕಿತ್ಸಕ ಮತ್ತು ಗುರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಗಾಲಿಕುರ್ಚಿ ಓಟಗಾರರನ್ನು ಬೆಳೆಸಿದ ಮಾರ್ಟಿನ್ ಮೋರ್ಸ್ 2016ರ ಪಟ್ಟಿಗೆ ಸೇರಿದ್ದು ಇಂತಹ ಕೆಲಸಕ್ಕಾಗಿ. ಬಾಸ್ಟನ್ ಮ್ಯಾರಥಾನ್ ಅನ್ನು ಎಂಟು ಸಲ ಗೆದ್ದ ಜೀನ್ ಡ್ರಿಸ್ಕಾಲ್, ಮೋರ್ಸ್ ಅವರ ಶಿಷ್ಯೆ.

ಗುರುಪರಂಪರೆಯೊಂದು ಹೇಗೆ ಕಟ್ಟಿಕೊಳ್ಳುತ್ತದೆ ಮತ್ತು ಗೌರವದ ಏರ್ಪಾಡು ಅದನ್ನು ಹೇಗೆ ಗುರುತಿಸಬಲ್ಲದು ಎಂಬುದನ್ನು ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಷ್ಟು ಚೆನ್ನಾಗಿ ತೋರಿಸುವ ಸ್ಥಳ ಮತ್ತೊಂದಿಲ್ಲ. ಅಲ್ಲಿನ ಬೆನ್ನುಹುರಿ ಚಿಕಿತ್ಸಾ ಘಟಕವನ್ನು ಮುನ್ನಡೆಸಿದ ಶಸ್ತ್ರವೈದ್ಯ ಜಾರ್ಜ್ ಬೆಡ್‌ಬ್ರೂಕ್, ಗುಟ್‌ಮನ್ ಅವರಂತೆಯೇ, ಕ್ರೀಡೆಯನ್ನು ಪುನಶ್ಚೇತನದ ನಡುಮನೆಗೆ ತಂದರು. 1960ರ ರೋಮ್ ಕೂಟಕ್ಕೆ ಹೋದ ಆಸ್ಟ್ರೇಲಿಯ ತಂಡದಲ್ಲಿದ್ದ ಪರ್ತ್‌ನ ಫ್ರಾಂಕ್ ಪೊಂಟಾ, ತಾವೇ ಗಾಲಿಕುರ್ಚಿಯಲ್ಲಿದ್ದು ಹಲವು ಆಟಗಳಲ್ಲಿ ಸ್ಪರ್ಧಿಸಿ, ನಿವೃತ್ತಿಯ ನಂತರ ಮಕ್ಕಳಿಗೆ ಕಲಿಸಲು ನಿಂತರು. ಅವರ ಕೈಯಲ್ಲಿ ಪಳಗಿದವರಲ್ಲಿ ಲೂಯಿಸ್ ಸಾವೇಜ್ ಒಬ್ಬರು. ಅವರು ಮುಂದೆ ಒಂಬತ್ತು ಪ್ಯಾರಾಲಿಂಪಿಕ್ ಚಿನ್ನ ಗೆದ್ದುದಲ್ಲದೆ, ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಸ್ಪರ್ಧೆಯಾಗಿ, ಅಂದರೆ ಪದಕ ಪಟ್ಟಿಗೆ ಸೇರದ ಸ್ಪರ್ಧೆಯಾಗಿ, ನಡೆದ 800 ಮೀಟರ್ ಗಾಲಿಕುರ್ಚಿ ಓಟವನ್ನು 1996 ಮತ್ತು 2000ದಲ್ಲಿ ಗೆದ್ದರು. 2011ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯದ ಪ್ಯಾರಾಲಿಂಪಿಕ್ ಸಂಸ್ಥೆ ತನ್ನದೇ ಹಾಲ್ ಆಫ್ ಫೇಮ್ ತೆರೆದಾಗ ಮೊದಲು ಸೇರಿಸಿಕೊಂಡದ್ದು ಈ ಮೂವರನ್ನೇ, ವೈದ್ಯ, ಆಟಗಾರನಾಗಿದ್ದ ಗುರು ಮತ್ತು ಶಿಷ್ಯೆಯನ್ನು ಒಟ್ಟಿಗೆ. ಪೊಂಟಾ ಅದೇ ವರ್ಷದ ಜೂನ್‌ನಲ್ಲಿ ತೀರಿಕೊಂಡಿದ್ದರು. ಸಾವೇಜ್ ಸಹ ನಿವೃತ್ತಿಯ ನಂತರ ತರಬೇತಿಗೆ ಇಳಿದು, ಪೊಂಟಾ ಚಿಕ್ಕಂದಿನಲ್ಲಿ ಗುರುತಿಸಿದ್ದ ಮ್ಯಾಡಿಸನ್ ಡಿ ರೊಜಾರಿಯೊ ಅವರನ್ನು ಟೋಕಿಯೊ ಕೂಟದಲ್ಲಿ 800 ಮೀಟರ್ ಮತ್ತು ಮ್ಯಾರಥಾನ್ ಎರಡರ ಚಿನ್ನದವರೆಗೆ ಕರೆದೊಯ್ದರು. ಒಬ್ಬೊಬ್ಬರನ್ನೇ ಬಿಡಿಯಾಗಿ ಸನ್ಮಾನಿಸುವ ಪ್ರಶಸ್ತಿಗಳಲ್ಲಿ ಕಾಣದೆ ಹೋಗುವ ಈ ಸಂಬಂಧವನ್ನು ಆಸ್ಟ್ರೇಲಿಯದ ಆ ಮೊದಲ ಆಯ್ಕೆ ಕಣ್ಣಿಗೆ ಕಾಣುವಂತೆ ಮಾಡಿತು.

ಉಳಿದ ದೇಶಗಳ ಪದ್ಧತಿಗಳನ್ನು ಸಂಕ್ಷೇಪವಾಗಿ ನೋಡಬಹುದು. ಕೆನಡಾದಲ್ಲಿ 1993ರಲ್ಲಿ, ಕೃತಕ ಕಾಲಿನಲ್ಲಿ ಓಡಿದ ಟೆರಿ ಫಾಕ್ಸ್ ಹೆಸರಿನಲ್ಲಿ ಆರಂಭವಾಗಿ ಈಗ ಕೆನಡಾದ ವಿಕಲಚೇತನರ ಹಾಲ್ ಆಫ್ ಫೇಮ್ ಎಂದು ಕರೆಸಿಕೊಳ್ಳುವ ಸಂಸ್ಥೆಯಿದೆ, ಅದಲ್ಲದೆ ಪ್ಯಾರಾಲಿಂಪಿಕ್ ಸಾಧಕರಿಗೆಂದೇ ಬೇರೆ ಪಟ್ಟಿಯಿದೆ. ಆ ದೇಶದ ಆರ್ನಿ ಬೋಲ್ಟ್, ಒಂದೇ ಕಾಲಿನ ಎತ್ತರ ಜಿಗಿತಗಾರ, 1976ರ ಟೊರಾಂಟೊ ಕೂಟದಲ್ಲಿ 1.86 ಮೀಟರ್ ಜಿಗಿದು ಬೆರಗು ಮೂಡಿಸಿದವರು. ಅವರು ದಶಕಗಳ ನಂತರ 2012ರಲ್ಲಿ ಸೈಕಲ್ ಸ್ಪರ್ಧಿಯಾಗಿ ಪ್ಯಾರಾಲಿಂಪಿಕ್ಸ್‌ಗೆ ಮರಳಿದ್ದು, ಈ ಕ್ರೀಡೆಯಲ್ಲಿ ನಿವೃತ್ತಿಯ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಎಷ್ಟು ಕಷ್ಟ ಎಂಬುದನ್ನು ತೋರಿಸುತ್ತದೆ. ಅಮೆರಿಕ ಬೇರೆ ಪಟ್ಟಿ ಮಾಡುವುದರ ಬದಲು ಒಲಿಂಪಿಕ್ ಹಾಲ್ ಆಫ್ ಫೇಮ್‌ಗೇ ಪ್ಯಾರಾಲಿಂಪಿಕ್ ಪಟುಗಳನ್ನು ಸೇರಿಸಿಕೊಂಡಿತು; 2004ರಲ್ಲಿ ಸೇರಿದ ರ‍್ಯಾಂಡಿ ಸ್ನೋ ಅವರಲ್ಲಿ ಮೊದಲಿಗರು. ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್ ಗಾಲಿಕುರ್ಚಿ ಟೆನಿಸ್‌ನ ಪ್ರವರ್ತಕ ಬ್ರಾಡ್ ಪಾರ್ಕ್ಸ್ ಅವರನ್ನು 2010ರಲ್ಲಿಯೂ, 2003ರಿಂದ ನಿವೃತ್ತಿಯವರೆಗೆ ಸಿಂಗಲ್ಸ್‌ನಲ್ಲಿ ಸತತ 470 ಪಂದ್ಯ ಗೆದ್ದ ನೆದರ್ಲೆಂಡ್ಸ್‌ನ ಎಸ್ತರ್ ವರ್ಗೀರ್ ಅವರನ್ನು 2023ರಲ್ಲಿಯೂ ಸೇರಿಸಿಕೊಂಡಿತು. ಬ್ರಿಟನ್ನಿನಲ್ಲಿ ಗೌರವ ಬಹುಮಟ್ಟಿಗೆ ರಾಜಮನ್ನಣೆಯ ರೂಪದಲ್ಲಿ ಬರುತ್ತದೆ. ಹನ್ನೊಂದು ಪ್ಯಾರಾಲಿಂಪಿಕ್ ಚಿನ್ನ ಗೆದ್ದ ಟ್ಯಾನಿ ಗ್ರೇ-ಥಾಮ್ಸನ್ 2010ರಲ್ಲಿ ಸಂಸತ್ತಿನ ಮೇಲ್ಮನೆಯ ಸದಸ್ಯೆಯಾದರು. ಜಪಾನ್ 2023ರಲ್ಲಿ, ಅದೇ ವರ್ಷ ನಿವೃತ್ತರಾದ ಗಾಲಿಕುರ್ಚಿ ಟೆನಿಸ್ ಪಟು ಶಿಂಗೊ ಕುನಿಯೆಡಾ ಅವರಿಗೆ ಪ್ರಧಾನಿಯವರು ನೀಡುವ ಜನಗೌರವ ಪ್ರಶಸ್ತಿಯನ್ನು ಕೊಟ್ಟಿತು. ನಿವೃತ್ತಿ ಘೋಷಿಸಿದ ಕೆಲವೇ ವಾರಗಳಲ್ಲಿ ಸಂದ ಈ ಮನ್ನಣೆ, ಗೌರವವನ್ನು ಕಾಯಿಸದೆ ಕೊಡುವುದೂ ಸಾಧ್ಯ ಎಂಬುದಕ್ಕೆ ನಿದರ್ಶನ.

ಭಾರತದ ಚರಿತ್ರೆಯಲ್ಲಿ ಕಾಯುವಿಕೆಯ ಅತಿ ದೀರ್ಘ ಉದಾಹರಣೆ ಮುರಳೀಕಾಂತ್ ಪೇಟ್ಕರ್ ಅವರದು. ಮಹಾರಾಷ್ಟ್ರದ ಸಾಂಗ್ಲಿ ಸೀಮೆಯವರಾದ ಪೇಟ್ಕರ್ ಸೇನೆಯ ತಾಂತ್ರಿಕ ವಿಭಾಗವಾದ ಇಎಂಇ ದಳದಲ್ಲಿದ್ದ ಬಾಕ್ಸರ್. ಪಾಕಿಸ್ತಾನದೊಂದಿಗಿನ 1965ರ ಯುದ್ಧದಲ್ಲಿ ಗುಂಡೇಟಿನಿಂದ ಬೆನ್ನುಹುರಿಗೆ ಹಾನಿಯಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಮುಂಬಯಿಯ ನೌಕಾಪಡೆಯ ಅಶ್ವಿನಿ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಭಾಗವಾಗಿ ನೀರಿಗಿಳಿದ ಅವರು, 1968ರ ಟೆಲ್ ಅವೀವ್ ಕೂಟದಲ್ಲಿ ಟೇಬಲ್ ಟೆನಿಸ್ ಆಡಿ, 1972ರಲ್ಲಿ ಪಶ್ಚಿಮ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ಬಂದದ್ದು ಅದಾದ 36 ವರ್ಷಗಳ ಮೇಲೆ, ಬೀಜಿಂಗ್‌ನಲ್ಲಿ. ಅರ್ಜುನ ಪ್ರಶಸ್ತಿಗಾಗಿ 1980ರ ದಶಕದಲ್ಲಿ ತಾವು ಸಲ್ಲಿಸಿದ ಮನವಿ ತಿರಸ್ಕೃತವಾಯಿತೆಂದು ಪೇಟ್ಕರ್ ಹೇಳಿಕೊಂಡಿದ್ದಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆಮೇಲೆ 2025ರ ಜನವರಿ 17ರಂದು, ರಾಷ್ಟ್ರಪತಿ ಭವನದಲ್ಲಿ, ಎಂಬತ್ತರ ಹರೆಯದಲ್ಲಿ ಊರುಗೋಲು ಊರಿಕೊಂಡು ಬಂದು ಅವರು ಜೀವಮಾನ ಸಾಧನೆಯ ಅರ್ಜುನ ಪ್ರಶಸ್ತಿಯನ್ನು ಸ್ವೀಕರಿಸಿದಾಗ ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಹೈಡಲ್‌ಬರ್ಗ್‌ಗೂ ಆ ಚಪ್ಪಾಳೆಗೂ ನಡುವೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಂದಿತ್ತು. 1984ರ ಪ್ಯಾರಾಲಿಂಪಿಕ್ಸ್‌ನಲ್ಲಿ ಎಸೆತಗಳಲ್ಲಿ ಪದಕ ಗೆದ್ದ ಜೋಗಿಂದರ್ ಸಿಂಗ್ ಬೇಡಿ ಮತ್ತು ಭೀಮರಾವ್ ಕೇಸರ್ಕರ್ ಅವರ ಹೆಸರುಗಳು ಇಂದಿಗೂ ಹೆಚ್ಚಿನವರಿಗೆ ಪರಿಚಿತವಲ್ಲ.

ಭಾರತದಲ್ಲಿ ವಿಕಲಚೇತನ ಕ್ರೀಡಾಪಟುಗಳಿಗೆ ಪ್ರತ್ಯೇಕ ಹಾಲ್ ಆಫ್ ಫೇಮ್ ಕಟ್ಟುವ ಬದಲು, ಎಲ್ಲರಿಗೂ ಇರುವ ರಾಷ್ಟ್ರೀಯ ಪ್ರಶಸ್ತಿಗಳ ಒಳಗೇ ಜಾಗ ಮಾಡಿಕೊಡುವ ಕ್ರಮ ಬೆಳೆದುಬಂದಿದೆ. 2002ರಲ್ಲಿ ಆರಂಭವಾದ ಧ್ಯಾನ್‌ಚಂದ್ ಪ್ರಶಸ್ತಿ ನಿವೃತ್ತ ಸಾಧಕರಿಗೆಂದೇ ಇದ್ದದ್ದು. 2020ರಲ್ಲಿ ಅದನ್ನು ಪಡೆದವರಲ್ಲಿ ಪ್ಯಾರಾ ಬ್ಯಾಡ್ಮಿಂಟನ್‌ನ ಸತ್ಯಪ್ರಕಾಶ್ ತಿವಾರಿ ಮತ್ತು ಪ್ಯಾರಾ ಅಥ್ಲೆಟಿಕ್ಸ್‌ನ ಜೆ. ರಂಜಿತ್ ಕುಮಾರ್ ಇದ್ದರು. ಈ ಪ್ರಶಸ್ತಿಯ ಜಾಗದಲ್ಲಿಯೇ 2024ನೇ ಸಾಲಿನಿಂದ ಪೇಟ್ಕರ್ ಅವರಿಗೆ ಸಂದ ಜೀವಮಾನದ ಅರ್ಜುನ ಪ್ರಶಸ್ತಿ ಬಂದಿದೆ. ತರಬೇತುದಾರರಿಗೆ ಸಲ್ಲುವ ದ್ರೋಣಾಚಾರ್ಯ ಪ್ರಶಸ್ತಿ 1985ರಿಂದ ಇದ್ದರೂ, ಪ್ಯಾರಾ ಕ್ರೀಡೆಯ ಗುರುಗಳು ಅದರಲ್ಲಿ ಕಾಣಿಸಿಕೊಂಡದ್ದು ಬಹಳ ತಡವಾಗಿ. 2012ರಲ್ಲಿ ಸತ್ಯಪಾಲ್ ಸಿಂಗ್, 2015ರಲ್ಲಿ ನವಲ್ ಸಿಂಗ್, 2020ರಲ್ಲಿ ಪ್ಯಾರಾ ಬ್ಯಾಡ್ಮಿಂಟನ್‌ನ ಗೌರವ್ ಖನ್ನಾ ಮತ್ತು ಜೀವಮಾನ ವಿಭಾಗದಲ್ಲಿ ಪ್ಯಾರಾ ಪವರ್‌ಲಿಫ್ಟಿಂಗ್‌ನ ವಿಜಯ್ ಮುನೀಶ್ವರ್ ಇದನ್ನು ಪಡೆದರು. ಮುನೀಶ್ವರ್ ಸ್ವತಃ ಸ್ಪರ್ಧಿಯಾಗಿ ಅರ್ಜುನ ಪ್ರಶಸ್ತಿ ಪಡೆದಿದ್ದವರು. ಖನ್ನಾ ಅವರಿಗೆ 2024ರಲ್ಲಿಯೂ ಸತ್ಯಪಾಲ್ ಸಿಂಗ್ ಅವರಿಗೆ 2025ರಲ್ಲಿಯೂ ಪದ್ಮಶ್ರೀ ಸಂದಿತು. ಝಝಾರಿಯಾ 2017ರಲ್ಲಿ ಖೇಲ್ ರತ್ನ ಪಡೆದ ಮೊದಲ ಪ್ಯಾರಾ ಕ್ರೀಡಾಪಟುವಾಗಿ, 2022ರಲ್ಲಿ ಪದ್ಮಭೂಷಣ ಪಡೆದು, 2024ರಲ್ಲಿ ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯ ಅಧ್ಯಕ್ಷರಾದರು. ಅವರಿಗೆ ಮೊದಲು ಆ ಸ್ಥಾನದಲ್ಲಿದ್ದವರು ರಿಯೊದಲ್ಲಿ ಬೆಳ್ಳಿ ಗೆದ್ದ ದೀಪಾ ಮಲಿಕ್. ನಿವೃತ್ತ ಕ್ರೀಡಾಪಟುವಿಗೆ ಆಡಳಿತವನ್ನು ಒಪ್ಪಿಸುವುದು ಯಾವ ಫಲಕಕ್ಕಿಂತಲೂ ಅರ್ಥಪೂರ್ಣವಾದ ಗೌರವ ಎನ್ನಲು ಅಡ್ಡಿಯಿಲ್ಲ.

ಪ್ರತ್ಯೇಕ ಪಟ್ಟಿ ಲೇಸೋ ಒಟ್ಟು ಪಟ್ಟಿ ಲೇಸೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಒಟ್ಟು ಪಟ್ಟಿಯಲ್ಲಿ ಸಮಾನತೆಯ ಘೋಷಣೆಯಿದೆ, ಪ್ರಶಸ್ತಿಯ ಮೊತ್ತ ಮತ್ತು ವೇದಿಕೆ ಎಲ್ಲರಿಗೂ ಒಂದೇ. ಆದರೆ ವರ್ಷಕ್ಕೆ ಕೆಲವೇ ಹೆಸರುಗಳಿಗೆ ಅವಕಾಶವಿರುವಲ್ಲಿ, ಪ್ರಚಾರವಿಲ್ಲದೆ ಆಡಿದ ಹಳೆಯ ತಲೆಮಾರಿನವರು ಹಿಂದುಳಿಯುತ್ತಾರೆ. ಪ್ರತ್ಯೇಕ ಪಟ್ಟಿಯಾದರೆ ಆ ಹಳಬರನ್ನು ಹುಡುಕಿ ತೆಗೆಯುವುದೇ ಅದರ ಕೆಲಸವಾಗುತ್ತದೆ. ಪೇಟ್ಕರ್ ಅವರ ಪ್ರಸಂಗವನ್ನು ಕಂಡವರಿಗೆ ಎರಡೂ ಬೇಕೆನಿಸುವುದು ಸಹಜ.

ಕರ್ನಾಟಕ ಈ ಕ್ರೀಡೆಯಲ್ಲಿ ಮೊದಲಿನಿಂದಲೂ ಮುಂದಿದೆ. ಒಂದು ವರ್ಷದ ಕೂಸಾಗಿದ್ದಾಗ ಪೋಲಿಯೊಗೆ ತುತ್ತಾದ ಬೆಂಗಳೂರಿನ ಮಾಲತಿ ಹೊಳ್ಳ, ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಸಹಿಸಿ, ಬ್ಯಾಂಕ್ ನೌಕರಿಯ ಜತೆಗೇ ಗಾಲಿಕುರ್ಚಿ ಓಟ ಮತ್ತು ಎಸೆತಗಳಲ್ಲಿ ದೇಶವನ್ನು ಪ್ರತಿನಿಧಿಸಿದರು. ಸೋಲ್, ಬಾರ್ಸಿಲೋನಾ, ಅಥೆನ್ಸ್, ಬೀಜಿಂಗ್ ಕೂಟಗಳಲ್ಲಿ ಸ್ಪರ್ಧಿಸಿದ ಅವರಿಗೆ ಅರ್ಜುನ ಪ್ರಶಸ್ತಿಯೂ 2001ರಲ್ಲಿ ಪದ್ಮಶ್ರೀಯೂ ಬಂದವು. ವಿಕಲಚೇತನ ಮಕ್ಕಳಿಗಾಗಿ ಅವರು ಮಾತೃ ಫೌಂಡೇಷನ್ ಎಂಬ ಆಶ್ರಯವನ್ನು ನಡೆಸಿದರು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಕೂಟದ ಎತ್ತರ ಜಿಗಿತದಲ್ಲಿ 1.74 ಮೀಟರ್ ದಾಟಿ ಗೆದ್ದ ಬೆಳ್ಳಿ ಆ ಕೂಟದಲ್ಲಿ ಭಾರತಕ್ಕೆ ಬಂದ ಒಂದೇ ಪದಕವಾಗಿತ್ತು; ಮರುವರ್ಷವೇ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಈಜುಗಾರ ಶರತ್ ಗಾಯಕ್ವಾಡ್ 2014ರ ಇಂಚಾನ್ ಏಷ್ಯನ್ ಪ್ಯಾರಾ ಕೂಟದಲ್ಲಿ ಆರು ಪದಕ ಗೆದ್ದರು. ಕುಬ್ಜರ ಕ್ರೀಡೆಯ ಕೆ.ವೈ. ವೆಂಕಟೇಶ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ತರಬೇತುದಾರರಲ್ಲಿ, ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ 2004ರ ಒಲಿಂಪಿಕ್ಸ್‌ನಲ್ಲಿ ರೈಫಲ್ ಹಿಡಿದು ಫೈನಲ್ ತಲುಪಿದ್ದ ಸುಮಾ ಶಿರೂರ್, ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಚಿನ್ನ ಗೆದ್ದ ಅವನಿ ಲೇಖರಾ ಅವರ ಗುರುವಾಗಿ, 2022ರ ದ್ರೋಣಾಚಾರ್ಯ ಪ್ರಶಸ್ತಿಯನ್ನು ಪ್ಯಾರಾ ಶೂಟಿಂಗ್ ವಿಭಾಗದಲ್ಲಿಯೇ ಪಡೆದರು.

ಪ್ಯಾರಾಲಿಂಪಿಕ್ ಗೌರವಗಳ ವ್ಯಾಪ್ತಿಗೆ ಸಿಗದ ದೊಡ್ಡದೊಂದು ಭಾಗವೂ ವಿಕಲಚೇತನರ ಕ್ರೀಡೆಯಲ್ಲಿದೆ. ಶ್ರವಣದೋಷ ಉಳ್ಳವರ ಅಂತರರಾಷ್ಟ್ರೀಯ ಕೂಟ 1924ರಲ್ಲಿಯೇ ಪ್ಯಾರಿಸ್‌ನಲ್ಲಿ ಆರಂಭವಾಗಿ, ಈಗ ಡೆಫ್ಲಿಂಪಿಕ್ಸ್ ಎಂಬ ಹೆಸರಿನಲ್ಲಿ ಬೇರೆಯಾಗಿಯೇ ನಡೆಯುತ್ತದೆ. ಬೌದ್ಧಿಕ ನ್ಯೂನತೆಯುಳ್ಳವರ ಸ್ಪೆಷಲ್ ಒಲಿಂಪಿಕ್ಸ್ 1968ರಲ್ಲಿ ಶಿಕಾಗೊದಲ್ಲಿ ಹುಟ್ಟಿತು. ಡೆಫ್ಲಿಂಪಿಕ್ಸ್‌ನಲ್ಲಿ ಹಲವು ಸಲ ಚಿನ್ನ ಗೆದ್ದ ಹರಿಯಾಣದ ಕುಸ್ತಿಪಟು ವೀರೇಂದರ್ ಸಿಂಗ್, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದ ಬೆನ್ನಲ್ಲೇ, ಕಿವುಡ ಕ್ರೀಡಾಪಟುಗಳಿಗೆ ಪ್ಯಾರಾ ಕ್ರೀಡಾಪಟುಗಳ ಸಮನಾದ ಹಕ್ಕು ಬೇಕೆಂದು ದೆಹಲಿಯ ಹರಿಯಾಣ ಭವನದ ಹೊರಗೆ ಪದಕಗಳನ್ನು ಹಿಡಿದು ಕುಳಿತರು. ಅಂಧರ ಕ್ರಿಕೆಟ್ ಪ್ಯಾರಾಲಿಂಪಿಕ್ಸ್‌ನಲ್ಲಿಲ್ಲ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ20 ವಿಶ್ವಕಪ್ ಅನ್ನು ನಾಯಕನಾಗಿ ಗೆದ್ದ ಶಿವಮೊಗ್ಗದ ಶೇಖರ್ ನಾಯಕ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತಾದರೂ, ಯಾವ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಪಟ್ಟಿಗೂ ಅವರ ಹೆಸರು ಸೇರುವ ದಾರಿಯಿಲ್ಲ. ಅಂಧ ಓಟಗಾರರ ಕೈಗೆ ಹಗ್ಗ ಕಟ್ಟಿಕೊಂಡು ಓಡುವ ಮಾರ್ಗದರ್ಶಕ ಓಟಗಾರರು ಇಂದು ಪದಕ ಪಡೆಯುತ್ತಾರೆ, ಹಿಂದಿನವರಿಗೆ ಅದೂ ಸಿಗುತ್ತಿರಲಿಲ್ಲ. ಅವರನ್ನು ಕ್ರೀಡಾಪಟುಗಳೆನ್ನಬೇಕೋ ಸಹಾಯಕರೆನ್ನಬೇಕೋ ಎಂಬುದರ ಮೇಲೆ ಅವರ ನಿವೃತ್ತಿಯ ಗೌರವ ನಿಂತಿದೆ.

ಗೌರವದ ಲೌಕಿಕ ಮುಖ ಪಿಂಚಣಿ. ಭಾರತ ಸರ್ಕಾರದ ಕ್ರೀಡಾ ಪಿಂಚಣಿ ಯೋಜನೆಯ 2018ರ ಪರಿಷ್ಕರಣೆಯಂತೆ ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್ ಪದಕ ವಿಜೇತರಿಬ್ಬರಿಗೂ ತಿಂಗಳಿಗೆ 20,000 ರೂಪಾಯಿಯ ಒಂದೇ ದರ ನಿಗದಿಯಾಗಿದ್ದು, 30 ವರ್ಷ ತುಂಬಿ ಸಕ್ರಿಯ ಕ್ರೀಡೆಯಿಂದ ನಿವೃತ್ತರಾದವರು ಅದಕ್ಕೆ ಅರ್ಹರು. ಕೃತಕ ಕಾಲು, ಗಾಲಿಕುರ್ಚಿ, ವೈದ್ಯಕೀಯ ಆರೈಕೆಗಳ ಖರ್ಚು ಆಟ ನಿಂತ ಮೇಲೂ ನಿಲ್ಲದ ಜೀವಗಳಿಗೆ, ಮತ್ತು ವರ್ಷಗಟ್ಟಲೆ ಗಾಲಿ ತಳ್ಳಿ ಭುಜ ಸವೆಸಿಕೊಂಡವರಿಗೆ, ಈ ಮೊತ್ತ ಪ್ರಶಸ್ತಿ ಫಲಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪದಕ ಗೆಲ್ಲದವರಿಗೂ, ಜಿಲ್ಲಾ ಮಟ್ಟದಲ್ಲಿ ಮೊದಲ ಪಾಠ ಹೇಳಿಕೊಟ್ಟ ತರಬೇತುದಾರರಿಗೂ ಇದು ಅನ್ವಯಿಸುವುದಿಲ್ಲ.

ಭಾರತ 1968ರಿಂದ 2016ರವರೆಗಿನ ಎಲ್ಲ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಒಟ್ಟು ಗೆದ್ದ ಪದಕಗಳು 12. ಟೋಕಿಯೊ ಒಂದರಲ್ಲೇ 19, 2024ರ ಪ್ಯಾರಿಸ್ ಕೂಟದಲ್ಲಿ 29. ಮುಂದಿನ ಎರಡು ದಶಕಗಳಲ್ಲಿ ನಿವೃತ್ತರಾಗುವ ಪದಕ ವಿಜೇತರ ಸಂಖ್ಯೆ ಹಿಂದಿನ ಅರ್ಧ ಶತಮಾನದ್ದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ 2019ರಲ್ಲಿ ತೆರೆದ ಪ್ಯಾರಾಲಿಂಪಿಕ್ ಪರಂಪರೆಯ ಕೇಂದ್ರ ಹಳೆಯ ಗಾಲಿಕುರ್ಚಿ, ಸಮವಸ್ತ್ರ, ಪತ್ರ ಮತ್ತು ನೆನಪಿನ ಧ್ವನಿಮುದ್ರಣಗಳನ್ನು ಕೂಡಿಡುತ್ತಿದೆ. ಹೈಡಲ್‌ಬರ್ಗ್‌ಗೂ 1984ರ ಕೂಟಕ್ಕೂ ಹೋಗಿಬಂದ ಭಾರತೀಯರ, ಅವರಿಗೆ ಆಟ ಕಲಿಸಿದ ಸೇನಾ ಆಸ್ಪತ್ರೆಗಳ ಸಿಬ್ಬಂದಿಯ, 1990ರ ದಶಕದಲ್ಲಿ ಸ್ವಂತ ಖರ್ಚಿನಲ್ಲಿ ಮೈದಾನಗಳಿಗೆ ಅಲೆದ ತರಬೇತುದಾರರ ನೆನಪುಗಳನ್ನು ಅವರಿರುವಾಗಲೇ ಹೀಗೆ ಬರೆದಿಟ್ಟುಕೊಳ್ಳುವ ಕೆಲಸ ಇಲ್ಲಿಯೂ ನಡೆಯಬೇಕಾಗಿದೆ. ಆಯ್ಕೆ ಸಮಿತಿ ಯಾವುದೇ ಇರಲಿ, ಒಂದು ಹೆಸರನ್ನು ಅದರ ಮುಂದಿಡಲು ಬೇಕಾಗುವ ಮೊದಲ ಕಾಗದವೇ ಅದು.